ಸಿಂಗಲ್ ಫೇಸಲ್ಲಿ ಏಳೂವರೆ ಹಾರ್ಸ್ ಪವರ್

ನಮ್ಮಪ್ಪನಿಗೆ ಒಂದು ಅಭ್ಯಾಸ. ಓಡುವ ಯಂತ್ರ ಯಾವುದು ಕಂಡರೂ ಅದರ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚುತ್ತಾರೆ. ಪಂಪ್‌ಸೆಟ್ಟಿನ ಮೋಟರಾಗಲಿ, ಹಿಟ್ಟಿನ ಗಿರಣಿಯಾಗಲಿ, ನೆಂಟರ ಮನೆಯ ಫ್ರಿಜ್ಜಾಗಲಿ. ಸ್ವಲ್ಪ ಹೊತ್ತು ಹಾಗೇ ನಿಂತು, ಮಗುವಿನ ಹಣೆ ಮುಟ್ಟಿ ನೋಡಿದವರ ಹಾಗೆ, "ಆರಾಮಾಗವ್ನೆ" ಅಂತಲೋ "ಮೈ ಬೆಚ್ಚಗದೆ" ಅಂತಲೋ ಹೇಳುತ್ತಾರೆ. ಉತ್ತರ ಕೊಡಲು ಇಷ್ಟವಿಲ್ಲದ ಪ್ರಶ್ನೆ ಬಂದಾಗಲೂ ಇದೇ ಉಪಾಯ. ಹತ್ತಿರದ ಮೋಟರಿನ ಮೇಲೆ ಕೈ, ಕಣ್ಣು ಬಂದ್.

ಇಂಥವರ ಪಂಪಿನ ಅಂಗಡಿಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕೂತರೆ ದಿನಕ್ಕೊಂದು ಪ್ರಸಂಗ ತಾನಾಗಿಯೇ ನಡೆದುಕೊಂಡು ಬರುತ್ತದೆ, ನಾವು ಹುಡುಕಿಕೊಂಡು ಹೋಗಬೇಕಾಗಿಲ್ಲ.

ಎರಡು ಸಾವಿರದ ನಾಲ್ಕನೇ ಇಸವಿಯ ಮಾತು. ಚಾಮರಾಜನಗರದಲ್ಲಿ ಡಿಗ್ರಿ ಮುಗಿಸಿ ಗುಂಡ್ಲುಪೇಟೆಗೆ ಬಂದಿದ್ದೆ. ಕಂಪ್ಯೂಟರ್ ಜೋಡಿಸುವುದು ಚೆನ್ನಾಗಿ ಬರುತ್ತಿತ್ತು, ಮಾತಾಡುವುದು ಬರುತ್ತಿರಲಿಲ್ಲ. ಒಂದನೇ ಕ್ಲಾಸಿನಿಂದ ಇಂಗ್ಲಿಷ್ ಮೀಡಿಯಂ. ತಲೆಯೊಳಗಿನ ಪಾಠವೆಲ್ಲ ಇಂಗ್ಲಿಷಿನಲ್ಲಿ, ಎದುರಿಗೆ ನಿಂತ ಗಿರಾಕಿ ಕನ್ನಡದಲ್ಲಿ. ಅಂಗಡಿಯ ಒಂದು ಪಕ್ಕ ನನಗೆ ಬಿಟ್ಟುಕೊಡಿ ಎಂದು ಅಪ್ಪನನ್ನು ಕೇಳಿದಾಗ ಅವರು ಮೋಟರಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಮಾರನೇ ದಿನ ನೋಡಿದರೆ ಗಾಜಿನ ಬೀರುವಿನ ಅರ್ಧ ಖಾಲಿಯಾಗಿತ್ತು.

ಜೊತೆಗೆ ಒಂದು ಷರತ್ತು. "ದೀಪಾವಳಿ ತಂಕ ನೋಡನ ಕಣಮ್ಮಿ. ನಡುದ್ರೆ ನಡೀಲಿ. ಇಲ್ದಿದ್ರೆ ಅಲ್ಲಿ ಬೆಳೆಗೆ ಔಷಧಿ ಹೊಡ್ಯೋ ಮಿಷನ್ ಇಡ್ತೀನಿ." ಮಿಷನ್ನಿನ ಡಬ್ಬಗಳು ಆಗಲೇ ಬಂದು ಹಿಂದಿನ ಕೋಣೆಯಲ್ಲಿ ಕಾಯುತ್ತಿದ್ದವು. ನಾನು ನೀರು ಕುಡಿಯಲು ಹೋದಾಗಲೆಲ್ಲ ಅವು ನನ್ನನ್ನೇ ನೋಡುತ್ತಿವೆ ಅನಿಸುತ್ತಿತ್ತು.

ಮೊದಲ ಗಿರಾಕಿ

ಬೇಗೂರಿನ ಕಡೆಯ ಒಬ್ಬ ಯಜಮಾನರು, ದೊಡ್ಡ ಜಮೀನುದಾರರು, ಅಪ್ಪನ ಹಳೇ ಗಿರಾಕಿ. ಪಂಪಿಗೆ ಬಂದವರು ಮಗಳ ಓದಿಗೆ ಕಂಪ್ಯೂಟರೂ ಒಂದಿರಲಿ ಎಂದು ನನ್ನ ಕಡೆ ತಿರುಗಿದರು. ವಿಭೂತಿ ಅಳಿಸದ ಹಾಗೆ ಹಣೆಯ ಬೆವರು ಒರೆಸಿಕೊಳ್ಳುತ್ತಾ ಒಂದೇ ಪ್ರಶ್ನೆ ಕೇಳಿದರು.

"ಎಷ್ಟು ಹಾರ್ಸ್ ಪವರ್ರವ್ವ ಇದು?"

ಪ್ರೊಸೆಸರು, ಕ್ಲಾಕ್ ಸ್ಪೀಡು, ಕ್ಯಾಷ್ ಮೆಮೊರಿ ಎಲ್ಲ ತಲೆಯಲ್ಲಿ ಸಾಲಾಗಿ ನಿಂತವು. ನಾನು ಕೀಬೋರ್ಡಿನ ಧೂಳು ಒರೆಸಲು ಶುರು ಮಾಡಿದೆ. ನನ್ನ ಅವಸ್ಥೆ ನೋಡಲಾರದೆ ಅಪ್ಪ ಎದ್ದು ಬಂದು ಕ್ಯಾಬಿನೆಟ್ಟಿನ ಮೇಲೆ ಅಂಗೈ ಇಟ್ಟರು. ಕಣ್ಣು ಮುಚ್ಚಿದರು. ಫ್ಯಾನು ತಿರುಗುವ ಗುಂಯ್‌ ಸದ್ದನ್ನು ಕೇಳಿ ಪ್ರಾಮಾಣಿಕವಾಗಿ ಅಂದಾಜು ಮಾಡಿ, "ಏಳೂವರೆ ಇರಬೈದು" ಅಂದರು.

ಯಜಮಾನರು ಕ್ಯಾಬಿನೆಟ್ಟಿನ ಹಿಂದೆ ಬಗ್ಗಿ ವೈರು ನೋಡಿದರು. ಪ್ಲಗ್ಗು ನೋಡಿದರು. ಗೋಡೆಯ ಸಾಕೆಟ್ಟನ್ನೂ ನೋಡಿದರು. ಅಷ್ಟು ಶಕ್ತಿಯ ಪಂಪಿಗೆ ತೋಟದಲ್ಲಿ ತ್ರೀ ಫೇಸ್ ಕರೆಂಟೇ ಬೇಕು, ಇದು ಮನೆಯ ಸಾದಾ ಲೈನು.

"ಸಿಂಗಲ್ ಫೇಸಲ್ಲಿ ಏಳೂವರೆ?" ಅಂದವರು ಬೆಲೆ ಚೌಕಾಸಿ ಮಾಡದೆ ತೆಗೆದುಕೊಂಡು ಹೋದರು.

ಇಂಪೆಲ್ಲರು

ಆಗ ನಾನು ಎರಡು ತರಹದ ಮಿಷನ್ ಜೋಡಿಸುತ್ತಿದ್ದೆ. ಒಂದಕ್ಕೆ ಪೆಂಟಿಯಂ ಫೋರ್ ಪ್ರೊಸೆಸರು, ಇನ್ನೊಂದಕ್ಕೆ ಆಥ್ಲಾನ್. ಪೆಂಟಿಯಂ ದುಬಾರಿ, ಅದರ ವೇಗ ಎರಡು ಪಾಯಿಂಟ್ ಎಂಟು ಗಿಗಾಹರ್ಟ್ಸ್. ಆಥ್ಲಾನ್ ಅಗ್ಗ, ಅದರದ್ದು ಎರಡರ ಮೇಲೆ ಒಂದು ಚೂರು. ದಿನನಿತ್ಯದ ಕೆಲಸಕ್ಕೆ ಎರಡೂ ಸಮ ಎಂದು ನನಗೆ ಗೊತ್ತಿತ್ತು. ಆದರೆ ಗೋಡೆಯ ಮೇಲಿನ ಪಟ್ಟಿ ನೋಡಿದ ಗಿರಾಕಿಗೆ ಕಾಣುವುದು ನಂಬರ್ ಒಂದೇ. ಆಥ್ಲಾನನ್ನು ಯಾರೂ ತಿರುಗಿ ನೋಡುತ್ತಿರಲಿಲ್ಲ, ಪೆಂಟಿಯಂ ಕೊಳ್ಳುವಷ್ಟು ದುಡ್ಡೂ ಬಹಳ ಜನರ ಕೈಯಲ್ಲಿ ಇರಲಿಲ್ಲ. ವ್ಯಾಪಾರ ಎರಡರ ನಡುವೆ ಸಿಕ್ಕಿಕೊಂಡಿತ್ತು.

ಮದುವೆ ಕಾರ್ಡಿನ ಪ್ರೆಸ್ ಇಟ್ಟಿದ್ದ ಸಾಹೇಬರು ಬಂದರು. ಮೆದು ಮಾತಿನ ಹಿರಿಯರು. ಕಮ್ಮಿ ನಂಬರಿನದು ಕಮ್ಮಿ ಕೆಲಸ ತಾನೇ ಮಾಡೋದು ಬೇಟಿ, ಅಂತ ಅವರೇ ಕೇಳಿ ಅವರೇ ಹೌದು ಅಂದುಕೊಂಡು ಮೆಟ್ಟಿಲು ಇಳಿಯುತ್ತಿದ್ದರು. ಅಷ್ಟರಲ್ಲಿ ಅಪ್ಪ ಅಂಗಡಿಯ ಪಂಪಿನ ಪಕ್ಕದಿಂದಲೇ ನನ್ನನ್ನು ಗದರಿದರು. ಅದರ ನಂಬರ್ ಯಾಕೆ ಕಮ್ಮಿ ಅಂತ ನೀನು ಹೇಳದೆ ಇದ್ದರೆ ನಾನೇನು ಹೇಳಲಿ, ಅಂತ.

ನಾನು ಹುಟ್ಟಿದಾಗಿಂದ ನೋಡಿದ್ದು ಪಂಪು. ಆದರೂ ಆ ಮಾತು ಅಲ್ಲಿಯವರೆಗೆ ಯಾಕೆ ಹೊಳೆದಿರಲಿಲ್ಲವೋ. ನೆಲ ನೋಡಿಕೊಂಡು ಮೆಲ್ಲಗೆ ಹೇಳಿದೆ:

"ಸುತ್ತೋದು ನಿಧಾನ ಅಪ್ಪ. ಆದ್ರೆ ಇಂಪೆಲ್ಲರ್ ದೊಡ್ದು."

ಇಂಪೆಲ್ಲರ್ ಅಂದರೆ ಪಂಪಿನ ಹೊಟ್ಟೆಯೊಳಗೆ ತಿರುಗಿ ನೀರು ತಳ್ಳುವ ಚಕ್ರ. ಅದು ದೊಡ್ಡದಿದ್ದರೆ ಒಂದೊಂದು ಸುತ್ತಿಗೂ ಹೆಚ್ಚು ನೀರು. ಅಪ್ಪ ಕೈಯಲ್ಲಿದ್ದ ಸ್ಪ್ಯಾನರನ್ನು ಮೆಲ್ಲಗೆ ಕೆಳಗಿಟ್ಟು ನನ್ನನ್ನು ನೋಡಿದರು. ಇಷ್ಟು ವರ್ಷ ಫೀಸು ಕಟ್ಟಿದ್ದು ಈಗ ಕೈಗೆ ಹತ್ತಿತು ಅನ್ನುವ ಹಾಗಿತ್ತು ಆ ನೋಟ. ಬಾಗಿಲಿಗೆ ಓಡಿ ಸಾಹೇಬರನ್ನು ವಾಪಸು ಕರೆದರು. ಆಥ್ಲಾನ್ ಮಾರಾಟವಾಯಿತು. ಆವತ್ತಿನಿಂದ ಅಪ್ಪ ಫುಟ್ ವಾಲ್ವ್ ಕೊಳ್ಳಲು ಬಂದವರಿಗೂ ಕಂಪ್ಯೂಟರಿನ ದೊಡ್ಡ ಇಂಪೆಲ್ಲರಿನ ಮಹಿಮೆ ಹೇಳದೆ ಕಳಿಸುತ್ತಿರಲಿಲ್ಲ.

ಎರಡು ದಿನ ಬಿಟ್ಟು ಸಾಹೇಬರು ಬಂದರು, ಮುಖದಲ್ಲಿ ಸಂಕೋಚ. ಪ್ರೆಸ್ಸಿನಲ್ಲಿ ಕ್ಯಾಬಿನೆಟ್ ಬಿಚ್ಚಿ ಒಳಗಿನ ಫ್ಯಾನು ನೋಡಿದ್ದರಂತೆ.

"ದೊಡ್ಡದು ಅಂದ್ರಿ ಬೇಟಿ," ಅಂದರು, ತಮ್ಮ ಅಂಗೈ ಚಾಚಿ ತೋರಿಸುತ್ತಾ. "ಇಷ್ಟಗಲಾನೂ ಇಲ್ವಲ್ಲ."

ಜ್ವರ

ಅದೇ ಹೊತ್ತಿಗೆ ಒಂದು ಪುಕಾರು ಎದ್ದಿತು, ಅಗ್ಗದ ಪ್ರೊಸೆಸರು ಕಾಯುತ್ತೆ, ಕಾದು ಕಾದು ಸುಟ್ಟು ಹೋಗುತ್ತೆ ಅಂತ. ಎಲ್ಲಿಂದ ಹೊರಟಿತೋ, ಬಸ್ಸು ಹತ್ತಿಕೊಂಡು ಗುಂಡ್ಲುಪೇಟೆಗೆ ಬಂದಿಳಿಯಿತು. ಅಪ್ಪ ಖುದ್ದಾಗಿ ಪ್ರೆಸ್ಸಿಗೆ ಹೋಗಿ ಅಂಗೈ ಇಟ್ಟು ನೋಡಿ, "ಸ್ವಲ್ಪ ಮೈ ಬೆಚ್ಚಗದೆ, ಗಾಬರಿ ಇಲ್ಲ" ಎಂದು ಧೈರ್ಯ ಹೇಳಿ ಬಂದರು.

ಮಾರನೇ ದಿನವೇ ಸಾಹೇಬರ ಫೋನು. ಮುಟ್ಟಲಾಗುತ್ತಿಲ್ಲ, ತಾನೇ ಆರಿ ಹೋಗುತ್ತಿದೆ, ನಾಳೆ ಒಂದು ಮದುವೆಯ ಕಾರ್ಡು ಕೊಡಬೇಕು. ಅಪ್ಪ ಊರಲ್ಲಿರಲಿಲ್ಲ. ಆ ಮಿಷನ್ ಸುಟ್ಟಿದ್ದರೆ ಆ ಪುಕಾರು ನಿಜವಾದ ಹಾಗೆ, ದೀಪಾವಳಿಗೂ ಕಾಯದೆ ಡಬ್ಬಗಳು ಹೊರಗೆ ಬಂದ ಹಾಗೆ. ಮೊದಲ ಸಲ ಒಬ್ಬಳೇ ಗಿರಾಕಿಯ ಮನೆಗೆ ಹೊರಟೆ, ಸಾಹೇಬರ ಪ್ರೆಸ್ಸು ಮನೆಯ ಮುಂಭಾಗದಲ್ಲೇ ಇತ್ತು.

ಪ್ರೆಸ್ಸಿನ ಮೂಲೆಯಲ್ಲಿ ಕಂಪ್ಯೂಟರ್ ಕಾಣಲಿಲ್ಲ. ಅಲ್ಲಿದ್ದದ್ದು ಹೂವಿನ ಚಿತ್ರದ ದಪ್ಪ ರಜಾಯಿ ಹೊದ್ದು ಕೂತ ಒಂದು ಆಕೃತಿ. ಸಾಹೇಬರ ಮನೆಯವರು ಬಾಗಿಲಲ್ಲಿ ನಿಂತು ಉರ್ದುವಿನಲ್ಲಿ ವಿವರಿಸಿದರು. ನನ್ನ ಸ್ಕೂಲಿನ ಹಿಂದಿಗೆ ನಿಲುಕಿದ್ದು ಇಷ್ಟು. ನಿಮ್ಮ ಅಪ್ಪ ಮುಟ್ಟಿ ನೋಡಿ ಮೈ ಬೆಚ್ಚಗಿದೆ ಅಂದರಲ್ಲ, ಮಕ್ಕಳಿಗೆ ಜ್ವರ ಬಂದರೂ ನಾವು ಹೀಗೇ ಹೊದಿಸಿ ಬೆವರು ಬರಿಸುವುದು.

ರಜಾಯಿ ತೆಗೆದೆ. ಫ್ಯಾನಿನ ಧೂಳು ಊದಿದೆ. ಗಾಳಿ ಆಡಿದರೆ ಸಾಕು ಚಾಚಿ, ಹೊದಿಕೆ ಬೇಡ, ಎಂದು ಹಿಂದಿಯಲ್ಲೋ ಕನ್ನಡದಲ್ಲೋ ನನಗೇ ಗೊತ್ತಾಗದ ಭಾಷೆಯಲ್ಲಿ ಗಟ್ಟಿಯಾಗಿ ಹೇಳಿದೆ. ಅವರಿಗೆ ಅರ್ಥವಾಯಿತು. ಮಿಷನ್ನೂ ಓಡಿತು. ದಾರಿಯುದ್ದಕ್ಕೂ ನನ್ನ ಧ್ವನಿಯನ್ನೇ ನೆನೆಸಿಕೊಂಡು ನಡೆದೆ, ಅದು ನನ್ನದೇ ಅಂತ ನಂಬಿಕೆ ಬರಲಿಲ್ಲ.

ಸಂಜೆ ಸಾಹೇಬರು ಮತ್ತೆ ಫೋನು ಮಾಡಿದರು. ಮೈ ತಣ್ಣಗಿದೆಯಂತೆ, ಕಾರ್ಡೂ ಮುಗಿಯಿತಂತೆ. "ಆದ್ರೆ ಮನೆಯವಳು ಕೇಳ್ತಾ ಇದಾಳೆ ಬೇಟಿ, ರಾತ್ರಿ ಮಾತ್ರ ತೆಳುವಾಗಿ ಒಂದು ದುಪಟ್ಟಾ ಹಾಕ್ಬೋದಾ ಅಂತ."

ಎರಡು ಮದುವೆ

ದೀಪಾವಳಿ ಹತ್ತಿರ ಬಂತು. ಅಪ್ಪ ಡಬ್ಬಗಳ ಮಾತೆತ್ತಿರಲಿಲ್ಲ, ಆದರೆ ಅವುಗಳ ಧೂಳು ಒರೆಸಿಟ್ಟಿದ್ದರು. ಆಗ ಬಂದರು ಬೇಗೂರಿನ ಸ್ಟುಡಿಯೋದವರು. ಮದುವೆ ವಿಡಿಯೋ ಮಿಕ್ಸ್ ಮಾಡಲು, ಆಲ್ಬಂ ತಯಾರಿಸಲು, ತಮಗೂ ಚಾಮರಾಜನಗರದಲ್ಲಿದ್ದ ಭಾವಮೈದುನನ ಸ್ಟುಡಿಯೋಗೂ ಸೇರಿಸಿ ಮಿಷನ್‌ಗಳು ಬೇಕಾಗಿದ್ದವು. ಈ ಆರ್ಡರ್ ಸಿಕ್ಕರೆ ನನ್ನ ಪಕ್ಕ ಉಳಿಯುತ್ತದೆ, ತಪ್ಪಿದರೆ ಇಲ್ಲ. ದುಬಾರಿಯದು ಕೊಳ್ಳಲೋ ಅಗ್ಗದ್ದು ಕೊಳ್ಳಲೋ ಎಂದು ಅವರು ಕೇಳಿದಾಗ ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಘೋಷಿಸಿಬಿಟ್ಟರು: ಅಗ್ಗದ್ದೇ ಗೆಲ್ಲೋದು, ಬೇಕಾದರೆ ಎರಡನ್ನೂ ಓಡಿಸಿ ತೋರಿಸ್ತೀವಿ.

ಅದು ನಮ್ಮ ಅಂಗಡಿಯ ಪದ್ಧತಿ. ಎರಡು ಪಂಪಿನ ನಡುವೆ ಅನುಮಾನ ಬಂದರೆ ಹಿಂದಿನ ತೊಟ್ಟಿಗೆ ಎರಡನ್ನೂ ಇಳಿಸಿ, ಎರಡು ಡ್ರಮ್ಮಿಗೆ ನೀರು ಬಿಡುವುದು. ಮೊದಲು ತುಂಬಿಸಿದ್ದನ್ನು ಗಿರಾಕಿ ಒಯ್ಯುವುದು. ನೋಡಲು ಜನ ಸೇರುವುದೂ ಪದ್ಧತಿಯೇ. ಸಂತೆಯ ದಿನ ಅಪ್ಪ ಊರಿಗೆಲ್ಲ ಹೇಳಿ ಬೆಂಚು ಹಾಕಿಸಿದರು. ಮುಂದಿನ ಸಾಲಿನಲ್ಲಿ ಏಳೂವರೆ ಹಾರ್ಸ್ ಪವರಿನ ಯಜಮಾನರು, ಪಕ್ಕದಲ್ಲಿ ಪ್ರೆಸ್ಸಿನ ಸಾಹೇಬರು, ಹಿಂದೆ ನಮ್ಮ ತಾಲ್ಲೂಕಿನದೇ ಮದ್ದೂರಿನಿಂದ ಪೈಪು ಕೊಳ್ಳಲು ಮಗನ ಜೊತೆ ಬಂದ ಒಬ್ಬ ಅಜ್ಜಿ.

ಮೊದಲು ಫೋಟೋ ತಿದ್ದುವ ಕೆಲಸ ಕೊಟ್ಟೆ. ಎರಡೂ ಜೊತೆಯಲ್ಲೇ ಮುಗಿಸಿದವು. ಅಪ್ಪ ಮೀಸೆ ನೀವಿಕೊಂಡರು. ಆಮೇಲೆ ಸ್ಟುಡಿಯೋದವರು ಒಂದು ಮದುವೆಯ ವಿಡಿಯೋ ಕೊಟ್ಟರು. ಅದನ್ನೇ ಎರಡರಲ್ಲೂ ಹಾಕಿ ಸೀಡಿಗೆ ಪರಿವರ್ತಿಸಲು ಬಿಟ್ಟೆ. ಕೆಲಸ ಸಾಗಿದಂತೆ ಎರಡು ಪರದೆಯಲ್ಲೂ ಅದೇ ಮದುವೆ ಮುಂದುವರಿಯುತ್ತಿತ್ತು. ನನಗೆ ಇಲ್ಲಿ ಭಯವಿತ್ತು. ವಿಡಿಯೋ ಕೆಲಸದಲ್ಲಿ ಪೆಂಟಿಯಂ ಕೈ ಮೇಲು ಅಂತ ಓದಿದ್ದೆ.

ಹಾಗೇ ಆಯಿತು. ಯಜಮಾನರೇ ಎದ್ದು ನಿಂತು ಕೂಗಿದರು.

"ಅಲ್ನೋಡ್ರಲಾ, ಆ ಕಡೆ ತಾಳಿ ಕಟ್ಟಾಯ್ತು. ಈ ಕಡೆ ಇನ್ನೂ ಅಳಿಯನ ಕಾಲು ತೊಳೀತಾವ್ರೆ."

ಅಪ್ಪನ ಮುಖ ಇಳಿಯಿತು. ಆ ಕಡೆ ಊಟಕ್ಕೆ ಎಲೆ ಹಾಕಿದರು, ಈ ಕಡೆ ಆಗ ತಾನೇ ತಾಳಿ ಕೈಗೆ ಬಂತು. ಜನ ಎರಡು ಪಕ್ಷವಾದರು. ಈ ಕಡೆಯ ಪುರೋಹಿತರಿಗೆ ಬೇಗ ಮಾಡಿ ಅಂತ ಸಾಹೇಬರು ಅಲ್ಲಿಂದಲೇ ಹೇಳುತ್ತಿದ್ದರು. ಸ್ಟುಡಿಯೋದವರು ಅಪ್ಪನ ಕಡೆ ತಿರುಗಿ, ಅಗ್ಗದ್ದು ಗೆಲ್ಲುತ್ತೆ ಅಂದಿರಲ್ಲ, ಎಂದರು. ಅಪ್ಪ ಕೈ ಇಡಲು ಮೋಟರ್ ಹುಡುಕುತ್ತಿದ್ದರು.

ನಾನು ಎದ್ದು ನಿಂತೆ. ಇಡೀ ಅಂಗಡಿಗೆ ಕೇಳುವ ಹಾಗೆ ಹೇಳಿದೆ: "ವಿಡಿಯೋ ಮಿಕ್ಸಿಂಗಿಗೆ ದುಬಾರಿಯದೇ ತಗೊಳ್ಳಿ ಸಾರ್, ದುಡ್ಡಿಗೆ ಮೋಸ ಇಲ್ಲ. ಆದ್ರೆ ಆಲ್ಬಂ ಕೆಲಸಕ್ಕೆ ಅದು ದಂಡ. ಈಗ ತಾನೇ ನೋಡಿದ್ರಲ್ಲ, ಫೋಟೋದಲ್ಲಿ ಎರಡೂ ಸಮ. ಅದಕ್ಕೆ ಅಗ್ಗದ್ದು ಸಾಕು. ಸ್ಟುಡಿಯೋಗೊಂದು ಅದು, ಒಂದು ಇದು."

ಅಪ್ಪ ಬಾಯಿ ತೆರೆದುಕೊಂಡು ನನ್ನನ್ನು ನೋಡುತ್ತಿದ್ದರು. ಸ್ಟುಡಿಯೋದವರು ಸ್ವಲ್ಪ ಯೋಚಿಸಿ, ಅಪ್ಪನ ಸೋಲನ್ನೂ ಮುಚ್ಚಿಡದೆ ಹೇಳುವ ಮಗಳು ಇವಳು, ಇವಳ ಮಾತೇ ಸರಿ, ಹಾಗೇ ಜೋಡಿಸಿ ಕೊಡಲಿ ಎಂದರು. ಅಪ್ಪ ಮೀಸೆಗೆ ಮತ್ತೆ ಕೈ ಹಾಕಿದರು. ಪಕ್ಕದವರಿಗೆ, "ನಮ್ಮ ಅಮ್ಮಿ ಕಣ್ಲಾ," ಅಂದರು, ಅವರಿಗೆ ಗೊತ್ತೇ ಇಲ್ಲವೇನೋ ಅನ್ನುವ ಹಾಗೆ.

ಅಷ್ಟೊತ್ತೂ ರೆಪ್ಪೆ ಬಡಿಯದೆ ಎರಡೂ ಪರದೆ ನೋಡುತ್ತಿದ್ದ ಮದ್ದೂರಿನ ಅಜ್ಜಿಗೆ ಮಾತ್ರ ನನ್ನ ತೀರ್ಪು ಒಪ್ಪಿಗೆಯಾಗಲಿಲ್ಲ.

"ಆ ದುಬಾರಿದು ಬ್ಯಾಡ ಕಣಪ್ಪ," ಅಂದಿತು ಸ್ಟುಡಿಯೋದವರಿಗೆ. "ಶಾಸ್ತ್ರ ಎಲ್ಲಾ ನುಂಗ್ಕಂಡು ಊಟಕ್ಕೆ ಓಡ್ತು. ಈ ಕಡೆಯೋರು ನಿಧಾನ್ವಾಗಿ, ಒಂದೂ ಬುಡ್ದೆ ಮಾಡ್ಕತಾವ್ರೆ. ನೋಡ್ತಾ ಇರು, ಬಾಳೋರು ಇವ್ರೇಯ."

ಸಂಜೆ ಹಿಂದಿನ ಕೋಣೆಯ ಡಬ್ಬಗಳು ಇನ್ನೂ ಹಿಂದಕ್ಕೆ ಹೋದವು. ಆರ್ಡರಿನ ಸಾಮಾನಿಗೆ ಜಾಗ ಬೇಕಿತ್ತು, ಅಪ್ಪ ತಾವಾಗಿಯೇ ಗಾಜಿನ ಬೀರುವಿನಲ್ಲಿ ಉಳಿದಿದ್ದ ಪಂಪುಗಳನ್ನೂ ಒಂದೊಂದಾಗಿ ಕೆಳಗಿಳಿಸಿದರು. ಕೊನೆಯದನ್ನು, ಹಳೆಯದೊಂದನ್ನು, ಕಂಕುಳಲ್ಲಿ ಮಗುವಿನ ಹಾಗೆ ಹಿಡಿದುಕೊಂಡು ನನ್ನ ಮುಂದೆ ನಿಂತರು.

"ಅಮ್ಮಿ, ಮೂಲೇಲಿ ಇದೊಂದ್ಕೆ ಮಾತ್ರ ಜಾಗ ಬುಡ್ತೀಯಾ?"

ಮೇಜಿನ ಮೇಲೆ ಆಥ್ಲಾನ್ ಇನ್ನೂ ಓಡುತ್ತಿತ್ತು, ಅದರ ಮದುವೆಯಲ್ಲಿ ಈಗ ಪಾಯಸ ಬಡಿಸುತ್ತಿದ್ದರು. ನಾನು ಕ್ಯಾಬಿನೆಟ್ಟಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದೆ.