‘ದಿಸ್’ ಅಂದರೆ ಯಾರು?

ಬೇರೆಯವರ ಕೆಲಸದಲ್ಲಿ ಕೈಹಾಕಿ ಕೆಡಿಸಿದವರೆಲ್ಲ ಒಳ್ಳೆಯದಕ್ಕೇ ಮಾಡಿದೆವೆನ್ನುತ್ತಾರೆ. ನಾನೂ ಒಳ್ಳೆಯದಕ್ಕೇ ಮಾಡಿದೆ. ಮೊರಬದಲ್ಲಿ ನಮ್ಮದೊಂದು ಹಿಟ್ಟಿನ ಗಿರಣಿ. ನಾನು ಏಳನೆಯ ಇಯತ್ತೆಗೇ ಶಾಲೆ ಬಿಟ್ಟು ಜೋಳ ಬೀಸುತ್ತ ಕುಳಿತವಳು. ತಂಗಿ ಸವಿತಾ ಕಂಪ್ಯೂಟರ್ ಕಲಿತವಳು. ಡಬ್ಬಿ ಬೀಸಿ ಮುಗಿದ ಕೂಡಲೇ ಅದನ್ನಿಟ್ಟು ಹೋದವರ ಫೋನಿಗೆ ‘ನಿಮ್ಮ ಹಿಟ್ಟು ತಯಾರಾಗಿದೆ’ ಎಂಬ ಸಂದೇಶ ಹೋಗುವಂತೆ ಆಕೆ ಟೈಪ್‌ಸ್ಕ್ರಿಪ್ಟಿನಲ್ಲಿ ಪ್ರೋಗ್ರಾಂ ಬರೆಯುತ್ತಿದ್ದಳು. ಕೆಲಸ ಮುಗಿದ ಮೇಲೆ ಕರೆಯಲೆಂದು ಮೊದಲೇ ಕೊಟ್ಟಿಡುವ ಫಂಕ್ಷನ್ನಿಗೆ ಕಾಲ್‌ಬ್ಯಾಕ್ ಅನ್ನುತ್ತಾರಂತೆ. ಅದರೊಳಗೆ ‘ದಿಸ್’ ಎಂಬ ಶಬ್ದವಿತ್ತು. ಅದು ಯಾರೆಂದು ಕೇಳಿದೆ.

“ನೀ ‘ನಮ್ಮನಿಯವ್ರು’ ಅಂದ್ರ ನಿನ್ನ ಗಂಡ, ನಮ್ಮ ಮಾಮಾ; ಹಿಂದಿನ ಓಣಿ ನೀಲಕ್ಕ ಅಂದ್ರ ಆಕಿ ಗಂಡ. ಮಾತು ಒಂದ, ಯಾರ ಬಾಯಾಗ ಬಂತು ಅನ್ನೂದರ ಮ್ಯಾಲೆ ಮನಷ್ಯಾ ಬ್ಯಾರೆ. ದಿಸ್ಸೂ ಹಂಗ, ಫಂಕ್ಷನ್ ಯಾರು ಕರೀತಾರೋ ಅವ್ರ ಆಗ್ತದ. ಅದಕ್ಕ ಇಲ್ಲಿ ದಿಸ್ ಅಂದ್ರ ಡಬ್ಬಿ ಅಂತ ಮೊದಲ ಬರದಿಟ್ಟೀನಿ.”

ಆದರೂ ಪರದೆಯ ಮೇಲೆ ಆ ಸಾಲಿನ ಕೆಳಗೊಂದು ಕೆಂಪು ಗೆರೆ ಎದ್ದಿತ್ತು. “ಎಲ್ಲೋ ತಪ್ಪೇತಿ, ಹುಡಕ್ತೀನಿ. ‘ಎನಿ’ ಅಂತ ಬರದ್ರ ಗೆರಿ ಹೋಗ್ತದ, ಆದ್ರ ಅದು ಯಾರರೆ ಇರ್ಲಿ ಅಂದಂಗ” ಎಂದು ಸವಿತಾ ಒಂದೆರಡು ಕಡೆ ತಿದ್ದಿ ಎಮ್ಮೆ ಹಿಂಡಲು ಹೋದಳು.

ಕೆಂಪು ಗೆರೆಯೆಂದರೆ ನನಗೆ ಗಣಿತದ ಮಾಸ್ತರರ ಪೆನ್ನು. ನನ್ನ ನೋಟುಬುಕ್ಕಿನಲ್ಲಿ ನನ್ನ ಅಕ್ಷರಕ್ಕಿಂತ ಅದೇ ಹೆಚ್ಚು. ತಂಗಿಗೂ ಅದು ಬೀಳುವುದನ್ನು ನೋಡಲಾಗಲಿಲ್ಲ. ‘ಡಬ್ಬಿ’ ಅಳಿಸಿ, ಒಂದೇ ಬೆರಳಿನಿಂದ ‘ಎನಿ’ ಒತ್ತಿದೆ. ಗೆರೆ ಮಾಯ. ಇಷ್ಟು ಸುಲಭದ್ದಕ್ಕೆ ಈಕೆ ನಾಲ್ಕು ವರ್ಷ ಯಾಕೆ ಕಲಿತಳೋ ಅಂದುಕೊಂಡೆ. ಹಾಲಿನ ತಂಬಿಗೆಯೊಂದಿಗೆ ಬಂದ ಸವಿತಾ, ತನ್ನ ತಿದ್ದುಪಡಿಯೇ ಫಲಿಸಿತೆಂದು ನಂಬಿ ಪ್ರೋಗ್ರಾಂ ಚಾಲೂ ಮಾಡಿದಳು.

ಮರುದಿನ ಹನ್ನೊಂದು ಡಬ್ಬಿ ಬೀಸಿದೆ. ಹನ್ನೊಂದು ಸಂದೇಶವೂ ನನ್ನ ಫೋನಿಗೇ ಬಂದವು. ಕಾಲ್‌ಬ್ಯಾಕನ್ನು ಕರೆದದ್ದು ಗಿರಣಿ. ಹೀಗಾಗಿ ದಿಸ್ ಅಂದರೆ ಗಿರಣಿ, ಗಿರಣಿಯ ನಂಬರು ನನ್ನದು. ಸಂಜೆ ನೀಲಕ್ಕ ಬಂದು ತನ್ನ ಡಬ್ಬಿ ಎತ್ತಿಕೊಳ್ಳುತ್ತ, “ಸವಿತಾ, ನಿನ್ನ ಕಂಪ್ಯೂಟರ್‌ಗಿಂತ ಹಿಟ್ಟು ಆತಂತ ನಿಮ್ಮಕ್ಕ ಓಣ್ಯಾಗ ಒದರೂದ ಛಲೋ ಇತ್ತು ನೋಡವಾ” ಅಂದಳು.

ತಂಗಿ ಲ್ಯಾಪ್‌ಟಾಪ್ ಮುಚ್ಚಿದಳು. “ನನಗ ಇದು ಬಗೀಹರಿಯೂದಿಲ್ಲ ಅಕ್ಕಾ. ಗುಡಗೇರಿ ಗಿರಣಿಯವ್ರೂ ಮಾಡಿಕೊಡು ಅಂದಿದ್ರು, ಆಗೂದಿಲ್ಲಂತ ಹೇಳಿಬಿಡ್ತೀನಿ.”

“ಯಾರೋ ಮುಟ್ಟಿರಬೇಕು” ಅಂದೆ.

“ಯಾರೋ ಅಂದ್ರ ಯಾರಬೇ?”

“ನಾನ.”

ಬೈದಿದ್ದರೆ ಹಗುರಾಗುತ್ತಿತ್ತು. ಸವಿತಾ ಲ್ಯಾಪ್‌ಟಾಪ್ ತೆರೆದು ‘ಎನಿ’ ಅಳಿಸಿ ‘ಡಬ್ಬಿ’ ಮತ್ತೆ ಬರೆದಳು. ಗೆರೆ ಮೂಡಿತು, ಅದು ತೋರಿಸಿದ ಕಡೆಯೇ ತಪ್ಪು ಸಿಕ್ಕಿತು. “ಗುಡಗೇರಿಗೆ ಹೂಂ ಅಂತೀನಿ. ಉಳಿದ ಹತ್ತು ಮನಿಗೆ ನೀನ ಹೋಗಿ ಹೇಳಿ ಬಾ.”

ಎಲ್ಲ ಮನೆಗೂ ಹೇಳದೆ ಮರಳಬಾರದೆಂದು ಸೆರಗು ಬಿಗಿದು ಹೊರಟೆ. ಮೊದಲ ಮನೆಯ ಕಟ್ಟೆಯ ಮೇಲೆ ಅಜ್ಜಿ ಕುಳಿತಿದ್ದಳು. “ನಿಮ್ಮ ಹಿಟ್ಟು ತಯಾರಾಗೇತ್ರಿ” ಅಂದೆ.

“ನಮ್ಮದಂದ್ರ ಯಾರದವಾ? ಈ ಮನ್ಯಾಗ ಮೂರು ಒಲಿ ಅದಾವು.”

ಡಬ್ಬಿಯ ಮೇಲಿನ ಹೆಸರು ನೋಡಿಕೊಂಡು ಬಂದಿರಲಿಲ್ಲ. ಮತ್ತೆ ಗಿರಣಿಗೆ ನಡೆದೆ.