ತುಂಬಿ ಹೊರಟ ಬ್ಯಾಟರಿ ಆಟೋ

ಗಾಳಿ ಕೆಟ್ಟುಹೋಗಿದೆ ಎಂದು ಹೇಳದವರು ಶ್ರೀಗಂಧದ ಕಾವಲಿನ ನಮ್ಮ ಬಡಾವಣೆಯಲ್ಲಿ ಒಬ್ಬರೂ ಇಲ್ಲ. ಅದನ್ನು ಕೆಡಿಸುತ್ತಿರುವವರು ಪಕ್ಕದ ಬಡಾವಣೆಯವರು ಎಂಬುದರಲ್ಲೂ ನಮಗೆಲ್ಲ ಒಮ್ಮತವಿದೆ. ಹೀಗಿರುವಾಗ ನಿವಾಸಿಗಳ ಸಂಘದ ಕಾರ್ಯದರ್ಶಿಯಾದ ನಾನು, ಮನೆಗೊಂದು ಕಾರು ಹೊರಡಿಸುವ ಬದಲು ಎಲ್ಲರೂ ಸೇರಿ ಒಂದು ಬ್ಯಾಟರಿ ಆಟೋ ಇಟ್ಟುಕೊಳ್ಳೋಣ, ಮೆಟ್ರೊಗೂ ಮಾರುಕಟ್ಟೆಗೂ ಅದರಲ್ಲೇ ಹೋಗೋಣ ಎಂದು ಭಾಷಣ ಮಾಡಿದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ತಟ್ಟಿದವರೆಲ್ಲ ಸಭೆ ಮುಗಿಸಿಕೊಂಡು, ಪಕ್ಕದ ರಸ್ತೆಯ ತಮ್ಮ ಮನೆಗಳಿಗೆ ಕಾರಿನಲ್ಲೇ ಹೋದರು.

ನನ್ನ ಮಾತನ್ನು ನಿಜವೆಂದು ನಂಬಿದವರು ಚನ್ನಬಸಪ್ಪನವರೊಬ್ಬರೇ. ದಾವಣಗೆರೆ ಕಡೆಯವರು, ನಿವೃತ್ತ ಎಂಜಿನಿಯರ್. ಮಾಗಡಿ ರಸ್ತೆಯ ಹೊಗೆಯಲ್ಲಿ ವರ್ಷಗಟ್ಟಲೆ ಓಡಾಡಿ ಅವರ ಶ್ವಾಸಕೋಶ ಹಾಳಾಗಿತ್ತು. ಮಾತಿನ ನಡುವೆ ಉಸಿರಿಗಾಗಿ ನಿಲ್ಲುತ್ತಿದ್ದರು. ಅದನ್ನು ಗಾಂಭೀರ್ಯವೆಂದುಕೊಂಡು ನಾನು ಬಹಳ ಕಾಲ ಗೌರವಿಸಿದ್ದೆ. ಸಂಘ ಚಾಲಕನ ಸಮೇತ ಆಟೋ ಗೊತ್ತುಮಾಡಿದ ಮೇಲೆ ಅವರು ಪ್ರತಿದಿನ ಬೆಳಿಗ್ಗೆ ಅದರಲ್ಲಿ ಕೂತು, ಮನೆಮನೆಯ ಮುಂದೆ ನಿಲ್ಲಿಸಿ ಜನರನ್ನು ಕರೆಯುತ್ತಿದ್ದರು. ಒಬ್ಬರಿಗೆ ಕಾರು ನಿಂತಲ್ಲೇ ಕೆಡುತ್ತದೆಂಬ ಚಿಂತೆ, ಇನ್ನೊಬ್ಬರಿಗೆ ಬೀಗರು ನೋಡಿದರೆ ಏನಂದುಕೊಂಡಾರು ಎಂಬ ಚಿಂತೆ. ಕೊನೆಗೆ ಆಟೋ ಚನ್ನಬಸಪ್ಪನವರೊಬ್ಬರನ್ನೇ ಕರೆದುಕೊಂಡು ಮೂಡಲಪಾಳ್ಯದ ಮೇಲೆ ವಿಜಯನಗರ ಮೆಟ್ರೊ ನಿಲ್ದಾಣಕ್ಕೆ ಹೋಗಿ, ಅವರನ್ನೇ ಕರೆದುಕೊಂಡು ವಾಪಸ್ ಬರುತ್ತಿತ್ತು. ಅಲ್ಲಿ ಅವರಿಗೆ ಯಾವ ಕೆಲಸವೂ ಇರಲಿಲ್ಲ. ಸುಮ್ಮನೆ ಯಾಕೆ ಆಯಾಸ ಎಂದು ಕೇಳಿದ್ದಕ್ಕೆ, "ಖಾಲಿ ಓಡಿದ್ರೆ ನಿಲ್ಲಿಸ್ಬಿಡ್ತಾರೆ ಕಣ್ರೀ, ಒಬ್ಬನಾದ್ರೂ ಕೂತಿರ್ಬೇಕು" ಎಂದಿದ್ದರು.

ಚಳಿಗಾಲದಲ್ಲಿ ಅವರ ಉಸಿರು ಪೂರ್ತಿ ಕೈಕೊಟ್ಟಿತು. ಆಸ್ಪತ್ರೆ ಸೇರಿದವರು ಮನೆಗೆ ಮರಳಲಿಲ್ಲ.

ರುದ್ರಭೂಮಿಯ ದಾರಿ ಇಕ್ಕಟ್ಟು, ಕಾರು ನಿಲ್ಲಿಸಲು ಜಾಗವಿಲ್ಲವೆಂದು ಯಾರೋ ಹೇಳಿದರು. ಅಂದು ಆಟೋ ಮೊದಲ ಬಾರಿಗೆ ತುಂಬಿತು. ಕರೆದಾಗ ಬಾರದವರೆಲ್ಲ ಇಸ್ತ್ರಿಯ ಬಿಳಿ ಅಂಗಿ ತೊಟ್ಟು, ಮಂಡಿಗೆ ಮಂಡಿ ತಾಗಿಸಿಕೊಂಡು, ಅವರನ್ನು ಮಣ್ಣು ಮಾಡಲು ಅದರಲ್ಲೇ ಹೋದರು. ವಾಪಸ್ ಬಂದು ಇಳಿಯುವಾಗ ಒಬ್ಬರು ನನ್ನ ಬಳಿ, ಸದ್ದೇ ಇಲ್ಲವಲ್ಲ, ಎಷ್ಟು ಆರಾಮಾಗಿದೆ, ಮೊದಲೇ ಹೇಳಬಾರದಿತ್ತೇ ಎಂದರು.

ಮರುವಾರ ಆಟೋ ಮತ್ತೆ ಖಾಲಿ. ಅದನ್ನು ನಿಲ್ಲಿಸಿಬಿಡುವುದೆಂದು ಸಂಘ ತೀರ್ಮಾನಿಸಿತು. ಚನ್ನಬಸಪ್ಪನವರ ಹೆಂಡತಿ ಗಿರಿಜಮ್ಮನವರಿಗೆ ಅದನ್ನು ತಿಳಿಸುವ ಕೆಲಸ ನನ್ನ ಪಾಲಿಗೆ ಬಂತು. ಹೋದಾಗ ಅವರು ಮನೆಯಲ್ಲಿರಲಿಲ್ಲ. ಗೇಟಿನ ಮುಂದೆ ನಿಂತಿದ್ದ ಆಟೋದಲ್ಲಿ, ತರಕಾರಿ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ಹತ್ತಿ ಸಾರ್, ದಾರೀಲಿ ಮಾತಾಡೋಣ" ಎಂದರು.

ಹತ್ತಿದೆ. ತಲೆ ಚಾವಣಿಯ ಕಂಬಿಗೆ ಬಡಿಯಿತು. ಕೈ ಎಲ್ಲಿಡಬೇಕೆಂದು ತಿಳಿಯದೆ ತಡಕಾಡಿದೆ. ಗಿರಿಜಮ್ಮ ಅದನ್ನೇ ನೋಡುತ್ತಿದ್ದರು.

"ನೀವು ಇದನ್ನ ಹತ್ತೋದು ಇದೇ ಮೊದಲನೇ ಸಲನಾ?"

ಅಷ್ಟೂ ದಿನ ನಾನು, ಮೇಲ್ವಿಚಾರಣೆಗೆಂದು, ಪೆಟ್ರೋಲ್ ಸ್ಕೂಟರಿನಲ್ಲಿ ಅದರ ಹಿಂದೆ ಹಿಂದೆಯೇ ಹೋಗುತ್ತಿದ್ದೆ. ಕಂಬಿ ಗಟ್ಟಿಯಾಗಿದೆಯೇ ಎಂದು ಪರೀಕ್ಷಿಸುತ್ತಿದ್ದೇನೆ ಎಂದೆ.