ಹನ್ನೊಂದನೇ ಪಾಠ

ಹಾಲಿಸ್ ಟ್ಯಾಕೆಟ್ ಮೇಷ್ಟ್ರು ಮಾಡಿದ ತಪ್ಪು ಇಷ್ಟೇ. ಗುರುವಾರದ ಕೊನೆಯ ಪೀರಿಯಡ್ಡಿನಲ್ಲಿ ಡಾರ್ಸಿ ಎಂಬ ಹುಡುಗಿ ಎದ್ದು ನಿಂತು, "ಸರ್, ಮನುಷ್ಯರು ಮಂಗನಿಂದ ಬಂದಿದ್ದು ನಿಜಾನಾ?" ಎಂದು ಕೇಳಿದಳು. ಮೇಷ್ಟ್ರ ಕಣ್ಣು ಗಡಿಯಾರದ ಮೇಲಿತ್ತು, ಮನಸ್ಸು ಬೆಟ್ಟದ ಮೇಲಿತ್ತು. "ಮನೇಲಿ ನಿಮ್ಮಜ್ಜೀನ ಕೇಳಮ್ಮ," ಎಂದುಬಿಟ್ಟರು.

ಅಜ್ಜಿ ಯಾರು ಎಂದು ಒಂದು ಕ್ಷಣ ಯೋಚಿಸಬಾರದಿತ್ತೇ? ಡಾರ್ಸಿಯ ಅಜ್ಜಿ ಇಮೋಜೀನ್ ಸ್ಕಾಗ್ಸ್ ಹಿಕರಿ ಲಿಕ್ ಊರಿನ ಶಾಲಾ ಮಂಡಳಿಯ ಅಧ್ಯಕ್ಷೆ. ಆಕೆ ಕೆಮ್ಮಿದರೆ ಅಮೆರಿಕದ ಪಶ್ಚಿಮ ವರ್ಜೀನಿಯಾದ ಆ ಕಣಿವೆಯಲ್ಲಿ ನಾಯಿಗಳೂ ಬೊಗಳುವುದು ನಿಲ್ಲಿಸುತ್ತಿದ್ದವು.

ಶುಕ್ರವಾರ ಬೆಳಿಗ್ಗೆ ಮೇಷ್ಟ್ರು ಬನ್ನಿನಂಥ ಮೆತ್ತನೆಯ ಬಿಸ್ಕಿಟ್ಟಿಗೆ ಗ್ರೇವಿ ಹಾಕಿಕೊಳ್ಳುತ್ತಿದ್ದಾಗಲೇ ಫೋನು ಬಂತು. ಹೆಂಡತಿ ವರ್ಲೀನ್ ಅದನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದು ತಂದುಕೊಟ್ಟಳು.

"ಮೊಮ್ಮಗಳು ನನ್ನ ಮುಖಾನೇ ದಿಟ್ಟಿಸಿ ನೋಡ್ತಾ, 'ಅಜ್ಜೀ, ಮಂಗನ ವಿಷಯ ನಿನ್ನನ್ನೇ ಕೇಳ್ಬೇಕಂತೆ' ಅಂದ್ಲು," ಎಂದರು ಇಮೋಜೀನ್. "ನನ್ನಲ್ಲಿ ಅಂಥದ್ದೇನು ಕಂಡ್ರಿ ಮೇಷ್ಟ್ರೇ?"

"ಅಯ್ಯೋ, ನೀವು ಹಿರಿಯರು, ನಾಲ್ಕು ವಿಷಯ ತಿಳಿದೋರು ಅಂತ..."

"ಅಷ್ಟು ಹಿರಿಯಳಲ್ಲ ನಾನು. ಇವತ್ತು ಸಂಜೆ ಮಂಡಳಿ ಸಭೆಗೆ ಬನ್ನಿ. ವಿಜ್ಞಾನದ ಕ್ಲಾಸಲ್ಲಿ ಜೀವವಿಕಾಸ ಹೇಳ್ಬೇಕಾ, ದೇವರ ಸೃಷ್ಟಿ ಹೇಳ್ಬೇಕಾ, ಎರಡೂ ಹೇಳ್ಬೇಕಾ ಅನ್ನೋದು ಇತ್ಯರ್ಥ ಆಗ್ಲಿ. ಇವತ್ತು ಆಗ್ಲಿಲ್ಲ ಅಂದ್ರೆ ಮುಂದಿನ ವಾರ ದಿನಾ ವಿಚಾರಣೆ. ನೀವು ದಿನಾ ಹಾಜರಿರಬೇಕು."

ಮೇಷ್ಟ್ರ ಕೈಯ ಬಿಸ್ಕಿಟ್ಟು ಗ್ರೇವಿಯೊಳಗೆ ಮುಳುಗಿತು. ಮುಂದಿನ ವಾರ ಎಂದರೆ ಜಿಂಕೆ ವಾರ. ಸೋಮವಾರ ಬೆಳಕು ಹರಿದರೆ ಬೇಟೆಯ ಕಾಲ ಶುರು. ಆ ವಾರ ಶಾಲೆಗೇ ರಜೆ, ಯಾಕೆಂದರೆ ತೆರೆದಿಟ್ಟರೂ ಬರುವವರಿಲ್ಲ. ಮೇಷ್ಟ್ರಂತೂ ಬೇಸಿಗೆಯಿಂದ ಒಂದು ಗಂಡು ಜಿಂಕೆಯ ಬೆನ್ನು ಹತ್ತಿದ್ದರು. ಹತ್ತು ಕವಲಿನ ಕೊಂಬು. ಅದಕ್ಕೆ 'ದೊರೆ' ಎಂದು ಹೆಸರನ್ನೂ ಇಟ್ಟಿದ್ದರು. ದೊರೆ ನೀರಿಗೆ ಇಳಿಯುವ ದಾರಿಯ ಪಕ್ಕದ ಓಕ್ ಮರದಲ್ಲಿ ಅಟ್ಟಣೆ ಕಟ್ಟಿ, ಕೂರಲು ಮೆತ್ತೆ ಕೂಡ ಹಾಸಿ ಬಂದಿದ್ದರು. ಕೆಲಸ ಹೋದರೆ ಇನ್ನೊಂದು ಕೆಲಸ ಸಿಗುತ್ತದೆ, ದೊರೆ ಹೋದರೆ ಇನ್ನೊಬ್ಬ ದೊರೆ ಸಿಗುತ್ತಾನೆಯೇ?

ಇನ್ನೊಂದು ಗುಟ್ಟೂ ಇತ್ತು. ಜೀವವಿಕಾಸ ಇದ್ದದ್ದು ಹನ್ನೊಂದನೇ ಪಾಠದಲ್ಲಿ. ಮೇಷ್ಟ್ರು ವರ್ಷ ವರ್ಷವೂ ಹತ್ತನೇ ಪಾಠವನ್ನು ಎಳೆದೆಳೆದು ಜಿಂಕೆ ವಾರದ ಹಿಂದಿನ ದಿನ ಮುಗಿಸುತ್ತಿದ್ದರು. ರಜೆ ಕಳೆದು ಬಂದವರೇ, "ಹ್ಞಾ, ಹನ್ನೆರಡನೇ ಪಾಠ ತೆಗೀರಿ," ಎನ್ನುತ್ತಿದ್ದರು. ಇನ್ನೂ ಜಿಂಕೆಯ ಗುಂಗಿನಲ್ಲಿದ್ದ ಮಕ್ಕಳು ಹನ್ನೊಂದು ಎಲ್ಲಿ ಹೋಯಿತೆಂದು ಕೇಳುತ್ತಿರಲಿಲ್ಲ. ಬೀಸೋ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಹೇಳಿಕೊಟ್ಟರೆಂದು ಚರ್ಚಿನವರು ಬೈಯಲಿಲ್ಲ, ಬಿಟ್ಟರೆಂದು ವಿಜ್ಞಾನದ ಪರವಿದ್ದ ಲೈಬ್ರರಿಯವರು ಬೈಯಲಿಲ್ಲ. ನಿಜ ಹೇಳಬೇಕೆಂದರೆ, ಆ ಪಾಠವನ್ನು ಮೇಷ್ಟ್ರು ತಾವೂ ಓದಿರಲಿಲ್ಲ.

"ಈಗೇನು ಮಾಡ್ತೀಯ?" ಎಂದಳು ವರ್ಲೀನ್.

"ಯಾರು ಏನು ಹೇಳಿದ್ರೂ ಹ್ಞೂ ಅಂತೀನಿ. ಸಂಜೆ ಹೊತ್ತಿಗೆ ಎಲ್ಲಾ ತಣ್ಣಗಾಗುತ್ತೆ."

"ಹ್ಞೂ ಹ್ಞೂ ಅಂತಾನೇ ನನ್ನ ಮದುವೆ ಆದೆ ನೀನು. ಮರೀಬೇಡ."

ಮಧ್ಯಾಹ್ನ ಊಟದ ಬಿಡುವಿನಲ್ಲಿ ಮೇಷ್ಟ್ರು ಹೋಟೆಲಿಗೆ ಹೋದರು. ಮಾಂಸ ತುಂಬಿದ ಪೆಪ್ಪರೋನಿ ರೋಲಿಗೆ ಕೈ ಹಾಕುವಷ್ಟರಲ್ಲಿ ಪಾದ್ರಿ ಬ್ರದರ್ ಡೆಲ್ಮರ್ ಎದುರಿಗೆ ಬಂದು ಕೂತರು. ಇಬ್ಬರೂ ಒಂದೇ ಹೊಳೆಯಲ್ಲಿ ಈಜು ಕಲಿತವರು.

"ಹಾಲಿಸ್, ನಾನೇನು ವಿಕಾಸದ ಪಾಠ ಕಿತ್ತು ಹಾಕು ಅಂತಿದ್ದೀನಾ? ಇಲ್ಲಪ್ಪ. ಅದರ ಪಕ್ಕದಲ್ಲಿ ಬೈಬಲ್ಲಿನ ಆದಿಕಾಂಡಾನೂ ಸ್ವಲ್ಪ ಹೇಳು ಅಂತೀನಿ. ಎರಡೂ ಕಡೆ ಕೇಳ್ಲಿ ಮಕ್ಕಳು. ತಪ್ಪೇನು?"

"ಹ್ಞೂ," ಎಂದರು ಮೇಷ್ಟ್ರು ರೋಲು ತುಂಬಿದ ಬಾಯಲ್ಲಿ.

"ನೀನು ನಮ್ಮವನು ಅಂತ ನಂಗೊತ್ತಿತ್ತು." ಡೆಲ್ಮರ್ ಮೇಷ್ಟ್ರ ತಟ್ಟೆಯಿಂದಲೇ ಒಂದು ಚಿಪ್ಸ್ ಎತ್ತಿಕೊಂಡರು. "ಅದಿರ್ಲಿ, ಬೆಟ್ಟದಲ್ಲಿ ಯಾವುದೋ ಭಾರೀ ಜಿಂಕೆ ಓಡಾಡ್ತಿದೆಯಂತೆ? ನನ್ನ ಹಣೇಲಿ ಬರೆದಿಲ್ಲ ಬಿಡು. ಬಿರುಗಾಳಿಗೆ ನನ್ನ ಅಟ್ಟಣೆ ಇದ್ದ ಮರಾನೇ ಉರುಳಿಹೋಯ್ತು. ಈ ಸಲ ಮನೇಲೇ ನಾನು."

"ಜಿಂಕೆನಾ? ನಾನಂತೂ ನೋಡಿಲ್ಲಪ್ಪ," ಎಂದರು ಮೇಷ್ಟ್ರು. ಆ ದಿನ ಅವರು 'ಹ್ಞೂ' ಎನ್ನದೆ ಬಿಟ್ಟ ಪ್ರಶ್ನೆ ಅದೊಂದೇ.

ಹೋಟೆಲಿನ ಬಾಗಿಲಲ್ಲೇ ಲೈಬ್ರರಿಯ ಮಿಸ್ ಒಡೆಸ್ಸಾ ಕೊಡೆಯನ್ನು ಅಡ್ಡ ಹಿಡಿದು ನಿಂತಿದ್ದರು. ಮೇಷ್ಟ್ರಿಗೆ ಅಕ್ಷರ ಕಲಿಸಿದವರೇ ಅವರು.

"ನೋಡು ಮಗು, ಸರ್ಕಾರಿ ಶಾಲೆಯ ವಿಜ್ಞಾನದ ಕ್ಲಾಸಲ್ಲಿ ಧರ್ಮದ ಪಾಠ ಕೂಡದು ಅಂತ ಕೋರ್ಟು ಯಾವತ್ತೋ ಹೇಳಿ ಆಗಿದೆ. ಇಷ್ಟು ವರ್ಷ ಈ ಊರಲ್ಲಿ ಒಬ್ಬನೇ ನಿಂತು ಆ ಪಾಠ ಹೇಳಿಕೊಟ್ಟಿದ್ದೀಯ. ಎಂಥಾ ಧೈರ್ಯ ನಿಂದು. ಸಂಜೆ ಒಂದು ಹೆಜ್ಜೇನೂ ಹಿಂದಿಡಬೇಡ, ತಿಳೀತಾ?"

"ಹ್ಞೂ," ಎಂದರು ಮೇಷ್ಟ್ರು. ಕೊಡೆಯ ತುದಿ ಅವರ ಹೊಟ್ಟೆಗೆ ತಾಗಿಕೊಂಡಿತ್ತು.

ಶಾಲೆ ಬಿಡುವ ಹೊತ್ತಿಗೆ ಚರ್ಚಿನ ಮುಂದಿನ ಬೋರ್ಡಿನಲ್ಲಿ ಭಾನುವಾರದ ಪ್ರವಚನದ ಅಕ್ಷರಗಳನ್ನು ಕಿತ್ತು, 'ಹಾಲಿಸ್ ಮೇಷ್ಟ್ರು ದೇವರ ಕಡೆ' ಎಂದು ಜೋಡಿಸಿದ್ದರು. ರಸ್ತೆಯಾಚೆ ಲೈಬ್ರರಿಯ ಕಿಟಕಿಯಲ್ಲಿ 'ಹಾಲಿಸ್ ಮೇಷ್ಟ್ರು ವಿಜ್ಞಾನದ ಕಡೆ' ಎಂಬ ಹಾಳೆ ತೂಗುತ್ತಿತ್ತು. ಎರಡರ ನಡುವಿನ ರಸ್ತೆಯಲ್ಲಿ ಸ್ವತಃ ಹಾಲಿಸ್ ಮೇಷ್ಟ್ರು ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡು, ಎದುರಿಗೆ ಬರುತ್ತಿದ್ದ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಚರಂಡಿಗೆ ಕಾಲಿಟ್ಟರು. ಅತ್ತ ದರಿ, ಇತ್ತ ಪುಲಿ, ಕಾಲ ಕೆಳಗೆ ಕೆಸರು.

ಸಂಜೆ ಶಾಲೆಯ ವ್ಯಾಯಾಮ ಮಂದಿರದಲ್ಲಿ ಊರಿಗೆ ಊರೇ ಸೇರಿತ್ತು. ಎಡಗಡೆ ಬೈಬಲ್ಲು ಹಿಡಿದವರು, ಬಲಗಡೆ ಲೈಬ್ರರಿಯವರು. ಮೇಷ್ಟ್ರು ಕೆಸರು ಕಾಲಿನಲ್ಲಿ ಒಳಗೆ ಬಂದಾಗ ಎರಡೂ ಕಡೆಯವರು ಎದ್ದು ಚಪ್ಪಾಳೆ ತಟ್ಟಿದರು. ಆಮೇಲೆ ಇವರೇಕೆ ತಟ್ಟುತ್ತಿದ್ದಾರೆ ಎಂದು ಅವರೂ, ಅವರೇಕೆ ತಟ್ಟುತ್ತಿದ್ದಾರೆ ಎಂದು ಇವರೂ ನಿಲ್ಲಿಸಿದರು.

ಒಬ್ಬೊಬ್ಬರೇ ಎದ್ದು ಮಾತಾಡಿದರು. ತನ್ನ ಮಾವನನ್ನು ನೋಡಿದ ಮೇಲೆ ಮಂಗನ ವಿಷಯದಲ್ಲಿ ಅನುಮಾನವೇ ಉಳಿದಿಲ್ಲವೆಂದು ಒಬ್ಬ ಹೇಳಿದ. ಮಾವ ಎರಡನೇ ಸಾಲಿನಲ್ಲೇ ಇದ್ದ. ಗದ್ದಲ ಏಳುವಷ್ಟರಲ್ಲಿ ಬ್ರದರ್ ಡೆಲ್ಮರ್ ನಿಂತು ಕೈ ಎತ್ತಿದರು.

"ಇಷ್ಟು ದೊಡ್ಡ ವಿಷಯ ಒಂದೇ ಸಂಜೇಲಿ ಮುಗಿಯೋದಲ್ಲ. ಎರಡೂ ಕಡೆಯ ಪಂಡಿತರನ್ನ ಕರೆಸೋಣ. ಮುಂದಿನ ವಾರ ಪೂರ್ತಿ ಕೂತು, ನಿಧಾನವಾಗಿ..."

ಇಮೋಜೀನ್ ಆಗಲಿ ಎಂಬಂತೆ ತಲೆಯಾಡಿಸಿದರು. ಮೇಷ್ಟ್ರ ಕಣ್ಣ ಮುಂದೆ ದೊರೆ ಬಂದು ನಿಂತ. ಖಾಲಿ ಅಟ್ಟಣೆಯನ್ನು ತಲೆಯೆತ್ತಿ ನೋಡಿ, ಬಾಲ ಎತ್ತಿ, ಪಕ್ಕದ ಊರಿನವನ ಬಂದೂಕಿನ ಕಡೆಗೆ ನಡೆದುಹೋದ. ಮೇಷ್ಟ್ರಿಗೆ ಎಲ್ಲಿಲ್ಲದ ರೋಷ ಬಂತು. ಹೇಗೆ ಎದ್ದರೋ, ಮೈಕನ್ನು ಹೇಗೆ ಹಿಡಿದರೋ ಅವರಿಗೇ ಗೊತ್ತಾಗಲಿಲ್ಲ.

"ಮುಂದಿನ ವಾರ ಯಾಕೆ? ಈಗಲೇ ಮುಗಿಸೋಣ. ಬ್ರದರ್, ಕಪ್ಪೆ ಕೊಯ್ಯೋಕೆ ನಾನು ಯಾವತ್ತಾದ್ರೂ ನಿಮ್ಮ ಚರ್ಚಿಗೆ ಬಂದಿದ್ದೀನಾ?"

"ಇಲ್ಲಪ್ಪ," ಎಂದರು ಡೆಲ್ಮರ್.

"ಭಾನುವಾರ ನಿಮ್ಮ ಮುಂದೆ ಕೈ ಕಟ್ಕೊಂಡು ಕೂತ್ಕೋತೀನಿ. ನೀವು ಹೇಳಿದ್ದಕ್ಕೆಲ್ಲ ಆಮೆನ್ ಅಂತೀನಿ. ಬಾವಿ ಹಿತ್ತಿಲಲ್ಲಿರಬೇಕು, ಒಲೆ ಅಡುಗೆಮನೇಲಿರಬೇಕು. ಎರಡೂ ಬೇಕು ಮನೆಗೆ. ಆದ್ರೆ ಬಾವಿ ನೀರು ತಂದು ಒಲೆಗೆ ಸುರಿದ್ರೆ ಅಡುಗೆ ಆಗುತ್ತಾ? ಅವರವರ ಜಾಗದಲ್ಲಿ ಅವರವರು ಇದ್ರೇನೇ ಚೆಂದ. ಸೃಷ್ಟಿ ನಿಮ್ಮ ಕಡೆ ಇರ್ಲಿ, ವಿಜ್ಞಾನ ನನ್ನ ಕ್ಲಾಸಲ್ಲಿರ್ಲಿ."

ಮಿಸ್ ಒಡೆಸ್ಸಾ ಕೊಡೆಯನ್ನು ಎದೆಗೆ ಒತ್ತಿಕೊಂಡು ಕೇಳುತ್ತಿದ್ದರು. ಮೇಷ್ಟ್ರು ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ಹುಟ್ಟಿದಾಗಿನಿಂದ 'ಹ್ಞೂ' ಎನ್ನುತ್ತಾ ಬಂದ ಬಾಯಿಗೆ ಮೊದಲ ಸಲ ಮಾತಿನ ರುಚಿ ಹತ್ತಿತ್ತು.

"ಆ ಪುಸ್ತಕದಲ್ಲಿ ಇರೋ ಪ್ರತಿಯೊಂದು ಪಾಠಾನೂ ಹೇಳಿಕೊಡ್ತೀನಿ. ನನ್ನ ಪ್ರಾಣ ಇರೋತನಕ ಒಂದು ಪುಟಾನೂ ಹಾರಿಸಲ್ಲ. ಯಾರೇ ಅಡ್ಡ ಬರ್ಲಿ, ಯಾವ ವಾರಾನೇ ಇರ್ಲಿ!"

ಬಲಗಡೆಯವರು ಎದ್ದು ನಿಂತರು. ಸ್ವಲ್ಪ ತಡೆದು ಎಡಗಡೆಯವರೂ ಎದ್ದರು, ಯಾಕೆಂದರೆ ಬ್ರದರ್ ಡೆಲ್ಮರ್ ತಾವೇ ಎದ್ದಿದ್ದರು. "ನನ್ನ ಕೆಲಸ ನನಗೇ ನೆನಪು ಮಾಡಿದೆ ಹಾಲಿಸ್," ಎಂದು ಬಂದು ತಬ್ಬಿಕೊಂಡರು. ಮಂಡಳಿಯ ಐವರೂ ಕೈ ಎತ್ತಿದರು. ವಿಜ್ಞಾನದ ಕ್ಲಾಸಿನಲ್ಲಿ ವಿಜ್ಞಾನ ಮಾತ್ರ. ವಿಚಾರಣೆ ಇಲ್ಲ, ಪಂಡಿತರು ಇಲ್ಲ. ಯಾರೋ ಮೇಷ್ಟ್ರ ಕೈಗೆ ಇಡೀ ಒಂದು ಆಪಲ್ ಪೈ ಕೊಟ್ಟರು. ವರ್ಲೀನ್ ದೂರದಿಂದಲೇ ನೋಡುತ್ತಿದ್ದಳು, ಅವಳ ಕಣ್ಣು ಒದ್ದೆಯಾಗಿತ್ತು. ಜಿಂಕೆಗೋಸ್ಕರ ಆಡಿದ ಮಾತುಗಳನ್ನು ಮೇಷ್ಟ್ರು ಈಗ ನಿಜವಾಗಿಯೂ ನಂಬಿದ್ದರು. ಅಷ್ಟು ಹೆಮ್ಮೆ ಅವರಿಗೆ ಜನ್ಮದಲ್ಲಿ ಆಗಿರಲಿಲ್ಲ.

ಇಮೋಜೀನ್ ಮೇಜು ಕುಟ್ಟಿದರು.

"ಒಂದು ವಿಷಯ ಉಳೀತು. ನಿನ್ನೆ ಮೊಮ್ಮಗಳ ಪ್ರಶ್ನೆಗೆ ನನಗೆ ಉತ್ತರ ಗೊತ್ತಿರ್ಲಿಲ್ಲ. ಮಗನ್ನ ಕೇಳಿದೆ, ಸೊಸೇನ ಕೇಳಿದೆ. ಇಬ್ರೂ ಮೇಷ್ಟ್ರ ಹತ್ರಾನೇ ಕಲಿತೋರು. ಇಬ್ರಿಗೂ ಗೊತ್ತಿಲ್ಲ. ಈ ಸಭೇಲಿ ಮುಕ್ಕಾಲು ಜನ ಅವರ ಶಿಷ್ಯರೇ ತಾನೇ? ಹನ್ನೊಂದನೇ ಪಾಠ ಕಲಿತೋರು ಕೈ ಎತ್ತಿ."

ಒಂದು ಕೈಯೂ ಮೇಲೇಳಲಿಲ್ಲ.

"ಆಗ ನಾವೆಲ್ಲ ಕಾಡಲ್ಲಿರ್ತಿದ್ವಿ ಇಮೋಜೀನಮ್ಮ," ಎಂದಿತು ಹಿಂದಿನ ಸಾಲಿನ ಒಂದು ಗಂಡುದನಿ.

"ಮತ್ತೆ ಮೇಷ್ಟ್ರು?"

"ಪಕ್ಕದ ಮರದ ಮೇಲೆ."

ಸಭೆಗೆ ಸಭೆಯೇ ನಕ್ಕಿತು. ಇಮೋಜೀನ್ ನಗಲಿಲ್ಲ. "ಅಂದ್ರೆ ಊರೆಲ್ಲ ಇಷ್ಟು ಹೊತ್ತು ಜಗಳ ಆಡಿದ್ದು ಯಾರೂ ಓದದೇ ಇರೋ ಪಾಠದ ಮೇಲೆ. ಇರ್ಲಿ. ಪ್ರಾಣ ಇರೋತನಕ ಒಂದು ಪುಟಾನೂ ಹಾರಿಸಲ್ಲ, ಯಾವ ವಾರಾನೇ ಇರ್ಲಿ ಅಂತ ಮೇಷ್ಟ್ರೇ ಮಾತು ಕೊಟ್ಟಿದ್ದಾರೆ. ಮುಂದಿನ ವಾರ ಶಾಲೆ ಖಾಲಿ. ಸೋಮವಾರ ಬೆಳಿಗ್ಗೆಯಿಂದ ಹನ್ನೊಂದನೇ ಪಾಠ, ವಾರ ಪೂರ್ತಿ. ನಾನು ಬರ್ತೀನಿ, ಡಾರ್ಸಿ ಬರ್ತಾಳೆ, ನಮ್ಮ ಕೌದಿ ಹೊಲಿಯೋ ಸಂಘದವರೆಲ್ಲ ಬರ್ತಾರೆ."

"ನಾನು ಮುಂದಿನ ಬೆಂಚಲ್ಲಿ," ಎಂದರು ಮಿಸ್ ಒಡೆಸ್ಸಾ.

ಮತ್ತೆ ಐದು ಕೈ ಮೇಲೆದ್ದವು. ಮತ್ತೆ ಚಪ್ಪಾಳೆ, ಮೊದಲಿಗಿಂತ ಜೋರಾಗಿ. ಮೇಷ್ಟ್ರು ಪೈ ಹಿಡಿದುಕೊಂಡೇ ನಿಂತಿದ್ದರು. ಬಾಯಿ ತಾನಾಗಿಯೇ "ಹ್ಞೂ" ಎಂದಿತು.

ಹೊರಗೆ ಕಾರಿನ ಹತ್ತಿರ ಬ್ರದರ್ ಡೆಲ್ಮರ್ ಕಾಯುತ್ತಿದ್ದರು. ವರ್ಲೀನ್ ಆಗಲೇ ಕಾರಿನ ಹಿಂಬದಿಯಿಂದ ಗಂಡನ ಬೇಟೆಯ ಕೇಸರಿ ಅಂಗಿಯನ್ನೂ ಕಾಫಿ ಫ್ಲಾಸ್ಕನ್ನೂ ತೆಗೆದು ಪಾದ್ರಿಯ ಕೈಗೆ ಕೊಟ್ಟಾಗಿತ್ತು.

"ಹೇಗೂ ನಿನಗೆ ಕ್ಲಾಸಲ್ಲಿ ಬೇಕಾಗಲ್ವಲ್ಲ," ಎಂದಳು. "ಓಕ್ ಮರ ಎಲ್ಲಿದೆ ಅಂತಾನೂ ಹೇಳಿಬಿಟ್ಟೆ. ಪಾಪ, ಬ್ರದರ್‌ಗೆ ಅಟ್ಟಣೆ ಇಲ್ಲ."

ಡೆಲ್ಮರ್ ಅಂಗಿಯನ್ನು ತೊಟ್ಟು ನೋಡಿದರು. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು. ಮೇಷ್ಟ್ರ ಭುಜ ತಟ್ಟುತ್ತಾ ಹೇಳಿದರು:

"ಬೇಜಾರು ಮಾಡ್ಕೋಬೇಡ ಹಾಲಿಸ್. ಸೋಮವಾರ ನೀನು ವಿಕಾಸ ನೋಡ್ಕೋ, ನಾನು ಸೃಷ್ಟಿ ನೋಡ್ಕೋತೀನಿ. ನೀನೇ ಹೇಳಿದ್ಯಲ್ಲ, ಅವರವರ ಜಾಗದಲ್ಲಿ ಅವರವರು ಇದ್ರೇನೇ ಚೆಂದ."